ಕೆಂಬಾವುಟ ಹಿಡಿದವರು ಕೋಲಕ್ಕೆ ಹೋಗಬಾರದಾ?

ಓದುಗರ ಪ್ರಶ್ನೆ: "ಸರ್, ನಮ್ಮದು ಬಂಟ್ವಾಳ ತಾಲೂಕಿನ ಒಂದು ಹಳ್ಳಿ. ಅಮ್ಮ ಬೀಡಿ ಕಟ್ಟಿ ನಮ್ಮನ್ನು ಸಾಕಿದವರು, ಈಗ ನಾನೂ ಅದೇ ಕೆಲಸ ಮಾಡುತ್ತೇನೆ. ಕನಿಷ್ಠ ಕೂಲಿ ಮತ್ತು ತುಟ್ಟಿಭತ್ಯೆ ವಿಚಾರದಲ್ಲಿ ಧರಣಿ ಆದಾಗ ಯೂನಿಯನ್ ಸೇರಿದೆ. ಈಗ ಘಟಕದ ಕಾರ್ಯದರ್ಶಿ ಆಗಿ ಅನ್ನುತ್ತಿದ್ದಾರೆ, ಕಮ್ಯುನಿಸ್ಟ್ ಪಾರ್ಟಿ ಸದಸ್ಯತ್ವದ ಮಾತೂ ಬಂದಿದೆ. ನಾನು ದೈವ ನಂಬುವವಳು. ಶುಕ್ರವಾರ ಸಂಜೆ ಭಜನಾ ಮಂದಿರಕ್ಕೆ ಹೋಗುತ್ತೇನೆ, ಮನೆಯಲ್ಲಿ ಕಲ್ಲುರ್ಟಿ ದೈವಕ್ಕೆ ಅಗೆಲು, ಅಂದರೆ ಹರಕೆಯ ಊಟ, ಬಡಿಸುತ್ತೇವೆ. ಮೊನ್ನೆ ಅಧ್ಯಯನ ತರಗತಿಯಲ್ಲಿ ಒಬ್ಬ ಹುಡುಗ 'ದೇವರು ದೈವ ಅನ್ನುವವರು ಅರ್ಧ ಕಾಮ್ರೇಡ್' ಅಂದ. ಮನೆಗೆ ಬಂದರೆ ಅಣ್ಣ, 'ಕೆಂಬಾವುಟದವರು ದೇವಸ್ಥಾನ ಮುಚ್ಚಿಸುವವರು, ಅವರ ಹಿಂದೆ ಹೋದರೆ ದೈವ ಮುನಿಯುತ್ತದೆ' ಅನ್ನುತ್ತಾನೆ. ಅಮ್ಮ ಏನೂ ಹೇಳುವುದಿಲ್ಲ, ಅಳುತ್ತಾರೆ. ಎರಡರಲ್ಲಿ ಒಂದನ್ನು ಬಿಡಲೇಬೇಕಾ? ಬಿಡದಿದ್ದರೆ ಎರಡೂ ಕಡೆ ಮೋಸ ಮಾಡಿದ ಹಾಗಾ?"

ಉತ್ತರ:

ಬಿಡಬೇಕಾಗಿಲ್ಲ. ಮೋಸವೂ ಅಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕಂದ್ರೆ ನಿಮ್ಮ ಪತ್ರದಲ್ಲಿ ತಪ್ಪು ಮಾಡಿದವರ ಹಾಗೆ ಒಂದು ಅಳುಕು ಕಾಣುತ್ತಿದೆ, ಆ ಅಳುಕಿಗೆ ಕಾರಣವೇ ಇಲ್ಲ. ಆದರೆ ನಿಮಗೆ ತೊಂದರೆ ಬರುವುದೇ ಇಲ್ಲ ಅಂತ ನಾನು ಹೇಳಲಾರೆ. ಬರುತ್ತದೆ. ಎಲ್ಲಿಂದ, ಯಾಕೆ ಬರುತ್ತದೆ ಅಂತ ಗೊತ್ತಿದ್ದರೆ ಎದುರಿಸುವುದು ಸುಲಭ.

ರಾಜ್ಯಶಾಸ್ತ್ರ ಪಾಠ ಮಾಡುತ್ತಾ, ಕಾರ್ಮಿಕರ ಶಿಬಿರಗಳಲ್ಲಿ ಮಾತಾಡುತ್ತಾ ಬಂದ ನನಗೆ ಈ ಪ್ರಶ್ನೆ ಹೊಸದಲ್ಲ. ಬೆಂಗಳೂರಿನ ಕಾರ್ಖಾನೆಯವರು ಕೇಳಿದ್ದಾರೆ, ಅಂಗನವಾಡಿಯವರು ಕೇಳಿದ್ದಾರೆ, ಉಳ್ಳಾಲದ ಮುಸ್ಲಿಂ ಹೆಣ್ಣುಮಕ್ಕಳು ಕೇಳಿದ್ದಾರೆ. ಕೇಳುವವರೆಲ್ಲ ಮೂರು ಬೇರೆ ಬೇರೆ ವಿಷಯವನ್ನು ಒಂದೇ ಅಂದುಕೊಂಡಿರುತ್ತಾರೆ. ಯೂನಿಯನ್ ಒಂದು, ಪಕ್ಷ ಇನ್ನೊಂದು, ಮಾರ್ಕ್ಸ್‌ವಾದ ಅನ್ನುವ ವಿಚಾರ ಮತ್ತೊಂದು. ಯೂನಿಯನ್ನಿಗೆ ನಿಮ್ಮ ನಂಬಿಕೆಯ ಗೊಡವೆ ಇಲ್ಲ. ನೀವು ಬೀಡಿ ಕಟ್ಟುತ್ತೀರಾ, ಚಂದಾ ಕೊಡುತ್ತೀರಾ, ಮುಷ್ಕರದ ದಿನ ಜೊತೆಗೆ ನಿಲ್ಲುತ್ತೀರಾ, ಅಷ್ಟೇ. ಆಯುಧ ಪೂಜೆಯ ದಿನ ಕೆಂಬಾವುಟದ ಯೂನಿಯನ್ನಿನ ಸದಸ್ಯರು ತಮ್ಮ ಮಿಷಿನ್ನಿಗೆ ಕುಂಕುಮ ಇಟ್ಟು ಮಾಲೆ ಹಾಕುವುದನ್ನು ಬೆಂಗಳೂರಿನ ಯಾವ ಕೈಗಾರಿಕಾ ಪ್ರದೇಶದಲ್ಲಾದರೂ ನೋಡಬಹುದು. ಪಕ್ಷದ ವಿಷಯ ಸ್ವಲ್ಪ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ. ವಿಚಾರದ ಮಟ್ಟದಲ್ಲಿ ಮಾತ್ರ ನಿಜವಾದ ಭಿನ್ನಾಭಿಪ್ರಾಯ ಉಂಟು, ಅದನ್ನು ಮುಚ್ಚಿಡಬಾರದು. ಜಗತ್ತನ್ನು ನಡೆಸುವ ದೇವರಿಲ್ಲ ಅಂತಲೇ ಮಾರ್ಕ್ಸ್‌ವಾದ ಹೇಳುತ್ತದೆ.

ನಿಮ್ಮ ಅಣ್ಣ ಹೇಳಿದ್ದನ್ನು ಮೊದಲು ನೋಡೋಣ. ಅದನ್ನು ಪೂರ್ತಿ ಸುಳ್ಳು ಅಂತ ತಳ್ಳಿಹಾಕಿದರೆ ಅವರಿಗೆ ಅನ್ಯಾಯ ಮಾಡಿದ ಹಾಗೆ. ರಷ್ಯಾದಲ್ಲಿ ಕಮ್ಯುನಿಸ್ಟರ ಆಡಳಿತದಲ್ಲಿ ಸಾವಿರಾರು ಚರ್ಚುಗಳು ಮುಚ್ಚಿದವು, ಪಾದ್ರಿಗಳನ್ನು ಕೊಂದರು, ಮಾಸ್ಕೋದ ಅತಿ ದೊಡ್ಡ ಚರ್ಚನ್ನೇ 1931ರಲ್ಲಿ ಸ್ಫೋಟಕ ಇಟ್ಟು ಕೆಡವಿದರು. ಮಸೀದಿಗಳಿಗೂ ಬೌದ್ಧ ಮಠಗಳಿಗೂ ಅದೇ ಗತಿ ಆಯಿತು. ಅಲ್ಬೇನಿಯಾ 1967ರಲ್ಲಿ ತನ್ನನ್ನು ನಾಸ್ತಿಕ ದೇಶ ಅಂತ ಘೋಷಿಸಿ ಎಲ್ಲ ಪೂಜಾ ಸ್ಥಳಗಳಿಗೂ ಬೀಗ ಹಾಕಿತು. ಚೀನಾದಲ್ಲಿ ಇವತ್ತಿಗೂ ಪಕ್ಷದ ಸದಸ್ಯರಿಗೆ ಧರ್ಮ ಇರುವ ಹಾಗಿಲ್ಲ. ಇದೆಲ್ಲ ನಡೆದದ್ದು, ತಪ್ಪು, ಎಡಪಂಥೀಯರು ಇದನ್ನು ಒಪ್ಪಿಕೊಳ್ಳಬೇಕು ಅಂತ ನನ್ನ ಅಭಿಪ್ರಾಯ. ಇದರಿಂದ ದೇವರ ಮೇಲಿನ ನಂಬಿಕೆಯೇನೂ ಹೋಗಲಿಲ್ಲ, ಬಡವರಿಗೆ ಪಕ್ಷದ ಮೇಲಿದ್ದ ನಂಬಿಕೆ ಹೋಯಿತು. 1980ರಲ್ಲಿ ಪೋಲೆಂಡಿನ ಗ್ದಾನ್ಸ್ಕ್ ಹಡಗುಕಟ್ಟೆಯ ಕಾರ್ಮಿಕರು ಮುಷ್ಕರ ಹೂಡಿದಾಗ ಗೇಟಿಗೆ ಮೇರಿ ಮಾತೆಯ ಚಿತ್ರ ಕಟ್ಟಿ, ಒಳಗೇ ಪೂಜೆ ಮಾಡಿಸಿದರು. ಕಾರ್ಮಿಕರ ಸರ್ಕಾರ ಅಂತ ಹೇಳಿಕೊಂಡ ಸರ್ಕಾರದ ವಿರುದ್ಧ ಕಾರ್ಮಿಕರೇ ದೇವರ ಪಟ ಹಿಡಿದು ನಿಂತರು. ನಿಮ್ಮ ತರಗತಿಯ ಹುಡುಗ ಇದನ್ನು ಓದಬೇಕು.

ಆದರೆ ಅಣ್ಣ ಹೇಳುವ ದೇವಸ್ಥಾನ ಮುಚ್ಚಿಸುವ ಕೆಲಸ ನಮ್ಮಲ್ಲಿ ನಡೆದಿಲ್ಲ. ಪಶ್ಚಿಮ ಬಂಗಾಳದಲ್ಲಿ ಎಡರಂಗ 1977ರಿಂದ 2011ರ ತನಕ 34 ವರ್ಷ ಆಳಿತು, ಒಂದು ವರ್ಷವೂ ದುರ್ಗಾಪೂಜೆ ನಿಲ್ಲಲಿಲ್ಲ. ಕೇರಳವಂತೂ ನಿಮ್ಮ ಊರಿಗೆ ಹತ್ತಿರ. ಕಾಸರಗೋಡು ದಾಟಿ ಕಣ್ಣೂರಿನ ಕಡೆ ಹೋದರೆ ಕೆಂಪು ಹಳ್ಳಿಗಳೇ ತೆಯ್ಯಂ, ಅಂದರೆ ನಮ್ಮ ಕೋಲದಂಥದ್ದೇ ದೈವಾರಾಧನೆ, ನಡೆಯುವ ಹಳ್ಳಿಗಳು. ಹಗಲು ಪಕ್ಷದ ಮೆರವಣಿಗೆಗೆ ಬಂದವರು ರಾತ್ರಿ ದೈವದ ಬನದ ಎದುರು ಕೈಮುಗಿದು ನಿಂತಿರುತ್ತಾರೆ. ಅದನ್ನು ಅಲ್ಲಿ ಯಾರೂ ವಿಚಿತ್ರ ಅಂತ ನೋಡುವುದಿಲ್ಲ.

ಹಾಗಾದರೆ ಇಲ್ಲಿ ಇಷ್ಟು ಜಗಳ ಯಾಕೆ? 1957ರಲ್ಲಿ ಕೇರಳದಲ್ಲಿ ಇ.ಎಂ.ಎಸ್. ನಂಬೂದಿರಿಪಾಡ್ ಅವರ ಕಮ್ಯುನಿಸ್ಟ್ ಸರ್ಕಾರ ಬಂದಾಗ ಏನಾಯಿತು ನೋಡಿ. ಅವರು ಯಾವ ದೇವರ ಮೇಲೂ ಕಾನೂನು ತರಲಿಲ್ಲ. ಭೂಸುಧಾರಣೆ ತಂದರು, ಖಾಸಗಿ ಶಾಲೆಗಳ ಶಿಕ್ಷಕರ ನೇಮಕ ಮತ್ತು ಸಂಬಳಕ್ಕೆ ನಿಯಮ ತಂದರು. ಆ ಶಾಲೆಗಳಲ್ಲಿ ಬಹಳಷ್ಟು ಚರ್ಚಿನವು, ಇನ್ನು ಕೆಲವು ನಾಯರ್ ಸಂಘಟನೆಯವು. 'ಧರ್ಮ ಅಪಾಯದಲ್ಲಿದೆ' ಅನ್ನುವ ಕೂಗು ಎದ್ದದ್ದು ಆಗ. ವಿಮೋಚನಾ ಸಮರ ಅನ್ನುವ ಹೆಸರಲ್ಲಿ ಸರ್ಕಾರದ ವಿರುದ್ಧ ಚಳವಳಿ ನಡೆದು 1959ರ ಜುಲೈ 31ರಂದು ಕೇಂದ್ರ ಆ ಸರ್ಕಾರವನ್ನು ವಜಾ ಮಾಡಿತು. ಬೀದಿಗೆ ಬಂದ ಸಾಮಾನ್ಯ ಭಕ್ತರ ಹೆದರಿಕೆ ನಿಜವಾದದ್ದೇ, ಅದನ್ನು ನಾನು ಹಗುರ ಮಾಡುವುದಿಲ್ಲ. ಆದರೆ ಸರ್ಕಾರ ಕೈ ಹಾಕಿದ್ದು ಜಮೀನಿಗೆ ಮತ್ತು ಶಾಲೆಯ ಆಡಳಿತಕ್ಕೆ. ದೇವರನ್ನು ನಂಬುವುದು ಬೇರೆ, ದೇವರ ಹೆಸರಲ್ಲಿ ಬೀಗದ ಕೈ ಇಟ್ಟುಕೊಂಡವರ ಮಾತು ಕೇಳುವುದು ಬೇರೆ. ಎಡಪಂಥದ ಜಗಳ ಇರಬೇಕಾದದ್ದು ಎರಡನೆಯದರ ಜೊತೆ. ಅದು ಮೊದಲನೆಯದಕ್ಕೂ ಕೈ ಹಾಕಿದಾಗಲೆಲ್ಲ ಸೋತಿದೆ, ಮತ್ತು ಸೋಲಬೇಕಾದದ್ದೇ.

ಇದನ್ನು ನಿಮ್ಮ ಮನೆಯ ದೈವದ ಮೂಲಕವೇ ಹೇಳುತ್ತೇನೆ. ಕಲ್ಲುರ್ಟಿಯ ಪಾಡ್ದನ, ಅಂದರೆ ದೈವದ ಕಥೆ ಹೇಳುವ ತುಳು ಹಾಡು, ನನಗಿಂತ ನಿಮಗೆ ಚೆನ್ನಾಗಿ ಗೊತ್ತಿರುತ್ತದೆ. ಕಾರ್ಕಳದ ಅರಸನಿಗೆ ಗೊಮ್ಮಟನನ್ನು ಕೆತ್ತಿಕೊಟ್ಟವನು ಬೀರು ಕಲ್ಕುಡ. ಕೆಲಸ ಮುಗಿದ ಮೇಲೆ ಸಿಕ್ಕಿದ್ದೇನು? ಇಂಥದ್ದನ್ನು ಇನ್ನೊಬ್ಬನಿಗೆ ಮಾಡಿಕೊಡಬಾರದು ಅಂತ ಅರಸ ಅವನ ಎಡಗೈ, ಬಲಗಾಲು ಕಡಿಸಿದ. ಉಳಿದ ಒಂದು ಕೈಯಲ್ಲಿ ಅವನು ವೇಣೂರಿಗೆ ಹೋಗಿ ಮತ್ತೆ ಗೊಮ್ಮಟನನ್ನು ಕೆತ್ತಿದ. ಅಣ್ಣನ ಸ್ಥಿತಿ ನೋಡಿದ ತಂಗಿ ಕಲ್ಲುರ್ಟಿ ಸುಮ್ಮನಿರಲಿಲ್ಲ. ಇಬ್ಬರೂ ಮಾಯ ಸೇರಿ ದೈವಗಳಾದರು, ಅರಸನಿಗೆ ನೆಮ್ಮದಿ ಇಲ್ಲದ ಹಾಗೆ ಮಾಡಿದರು. ಇದು ಕೂಲಿಗಾರನ ಕಥೆ. ದುಡಿಸಿಕೊಂಡು ಕೈ ಕಡಿದ ಧಣಿಯ ಮೇಲೆ ತಂಗಿಯೊಬ್ಬಳ ಸಿಟ್ಟು. ಮೊಣಕಾಲ ಮೇಲೆ ಮೊರ ಇಟ್ಟುಕೊಂಡು, ಎಲೆ ಕತ್ತರಿಸಿ, ಹೊಗೆಸೊಪ್ಪು ತುಂಬಿ, ನೂಲು ಸುತ್ತಿ, ಕಟ್ಟಿದ ಬೀಡಿ ಸರಿ ಇಲ್ಲ ಅಂತ ಬೀಡಿ ಕಂಪನಿಯ ಬ್ರಾಂಚಿನಲ್ಲಿ ಹಿಡಿ ಹಿಡಿಯಾಗಿ ತೆಗೆದು ಹಾಕಿದಾಗ ನಿಮಗೆ ಬರುವ ಸಿಟ್ಟು ಉಂಟಲ್ಲ, ಅದೇ ಸಿಟ್ಟಿಗೆ ನಿಮ್ಮ ಅಮ್ಮ ಪಣೋಲಿಬೈಲಿನ ಕಲ್ಲುರ್ಟಿ ಕ್ಷೇತ್ರಕ್ಕೆ ಹೋಗಿ ಅಗೆಲು ಹರಕೆ ಹೇಳಿಕೊಳ್ಳುವುದು. ಯೂನಿಯನ್ನಿನ ಧರಣಿಯಲ್ಲಿ ಕೂತ ನಿಮಗೂ ಹರಕೆ ಹೊತ್ತ ಅಮ್ಮನಿಗೂ ಬೇಕಾದದ್ದು ಬೇರೆ ಬೇರೆ ಅಲ್ಲ. ದೈವ ಮುನಿಯುತ್ತದೆ ಅಂತ ಹೆದರಿಸುವ ನಿಮ್ಮ ಅಣ್ಣನಿಗೆ ಇದನ್ನು ಸಮಾಧಾನದಲ್ಲಿ ಕೇಳಿ: ಕೂಲಿ ಕೇಳಿದವಳ ಮೇಲೆ ಕಲ್ಲುರ್ಟಿ ಯಾಕೆ ಮುನಿಯಬೇಕು?

ಈ ದೈವಗಳಿಗೆ ನಡೆಯುವ ಕೋಲದ, ಅಂದರೆ ವೇಷ ಕಟ್ಟಿ ದೈವವನ್ನು ಬರಿಸುವ ಆರಾಧನೆಯ, ಇನ್ನೊಂದು ಮುಖವನ್ನೂ ನೋಡಬೇಕು. ವೇಷ ಕಟ್ಟುವವರು ಯಾರು? ಊರು ಕೀಳು ಅಂದ ಜಾತಿಗಳವರು: ನಲಿಕೆಯವರು, ಪರವರು, ಪಂಬದರು. ಕಾಲಿಗೆ ಗಗ್ಗರ ಕಟ್ಟಿ, ಬೆನ್ನಿಗೆ ಅಣಿ ಏರಿಸಿ ನಿಂತಾಗ ಗುತ್ತಿನ ಮನೆಯವರೇ, ಅಂದರೆ ಊರಿನ ಧಣಿಗಳೇ, ಎದುರು ಕೈಮುಗಿಯುತ್ತಾರೆ, ನುಡಿಗೆ ತಲೆಬಾಗುತ್ತಾರೆ. ಬಣ್ಣ ಅಳಿಸಿದ ಮೇಲೆ ಅದೇ ಮನುಷ್ಯ ಎಷ್ಟೋ ಮನೆಗಳಲ್ಲಿ ಜಗಲಿ ಹತ್ತುವ ಹಾಗಿರಲಿಲ್ಲ. ದೈವದ ಪ್ರಸಾದವಾದ ಬೂಳ್ಯ ಯಾರಿಗೆ ಮೊದಲು, ಯಾರಿಗೆ ಆಮೇಲೆ ಅನ್ನುವುದರಲ್ಲಿ ಊರಿನ ಮೇಲು ಕೀಳು ಇಡೀ ಕಾಣುತ್ತದೆ. ಹಾಗಾಗಿ ಒಂದೇ ಅಂಗಳದಲ್ಲಿ ಬಡವರ ಸಿಟ್ಟೂ ಉಂಟು, ಧಣಿಗಳ ಯಜಮಾನಿಕೆಯೂ ಉಂಟು. 1974ರ ಭೂಸುಧಾರಣೆ ತಿದ್ದುಪಡಿ ಬಂದು ದಕ್ಷಿಣ ಕನ್ನಡದ ಗೇಣಿ ಒಕ್ಕಲುಗಳು ಭೂನ್ಯಾಯ ಮಂಡಳಿಗೆ ಡಿಕ್ಲರೇಶನ್ ಹಾಕಿದಾಗ ಅವರಲ್ಲಿ ಹೆಚ್ಚಿನವರು ದೈವಭಕ್ತರೇ. ಜಮೀನು ಕೇಳಿದರು, ಕೋಲವನ್ನೂ ಬಿಡಲಿಲ್ಲ. ನಂಬಿಕೆ ಹಾಗೇ ಉಳಿಯಿತು, ಧಣಿಯ ಹಿಡಿತ ಸಡಿಲವಾಯಿತು. ನಿಮ್ಮ ಪ್ರಶ್ನೆಗೆ ನಿಮ್ಮದೇ ತಾಲೂಕಿನ ಹಿರಿಯರು ಹೀಗೆ ಉತ್ತರ ಕೊಟ್ಟಿದ್ದಾರೆ.

ಇನ್ನು ಅರ್ಧ ಕಾಮ್ರೇಡ್ ಅಂದ ಹುಡುಗ. ಅವನು ಧರ್ಮ ಜನರ ಅಫೀಮು ಅನ್ನುವ ಒಂದು ಮಾತು ಹಿಡಿದುಕೊಂಡಿರುತ್ತಾನೆ. ಮಾರ್ಕ್ಸ್ ಅದನ್ನು ಬರೆದದ್ದು ನಿಜ, 1844ರಲ್ಲಿ ಅಚ್ಚಾಯಿತು. ಆದರೆ ಅದೇ ಸಾಲುಗಳಲ್ಲಿ, ಧರ್ಮ ತುಳಿತಕ್ಕೆ ಸಿಕ್ಕಿದ ಜೀವದ ನಿಟ್ಟುಸಿರು, ಹೃದಯವಿಲ್ಲದ ಲೋಕದ ಹೃದಯ ಅಂತಲೂ ಇದೆ. ಜನರ ಸಂಕಟವನ್ನು ಧರ್ಮ ತೋರಿಸುತ್ತದೆ, ಅದರ ವಿರುದ್ಧ ಪ್ರತಿಭಟಿಸುತ್ತದೆ ಕೂಡ ಅಂತ ಅವರು ಹೇಳಿದ್ದು. ಕಲ್ಕುಡನ ಪಾಡ್ದನ ಕೇಳಿದ್ದರೆ ಅವರಿಗೆ ಆಶ್ಚರ್ಯ ಆಗುತ್ತಿರಲಿಲ್ಲ. ಆ ಸಂಕಟ ಹೋದರೆ ಧರ್ಮವೂ ತಾನಾಗಿ ಹೋಗುತ್ತದೆ ಅಂತ ಅವರು ನಂಬಿದ್ದರು. ಅದನ್ನು ನೀವು ಒಪ್ಪಬೇಕಾಗಿಲ್ಲ. ನನಗೂ ಅದು ಅಷ್ಟು ಸರಳ ಅನ್ನಿಸುವುದಿಲ್ಲ, ಸಾವಿನ ದುಃಖಕ್ಕೆ ಯಾವ ಕೂಲಿ ಒಪ್ಪಂದವೂ ಸಮಾಧಾನ ಕೊಡುವುದಿಲ್ಲ ಅಲ್ವಾ.

ರಷ್ಯಾದ ಕ್ರಾಂತಿಯ ನಾಯಕ ಲೆನಿನ್ ಪಕ್ಕಾ ನಾಸ್ತಿಕ, ಅದರಲ್ಲಿ ಅನುಮಾನವೇ ಇಲ್ಲ. ಅಂಥವರೂ 1905ರಲ್ಲಿ, ನಂಬಿಕೆ ಇರುವ ಕಾರ್ಮಿಕರನ್ನು ಪಕ್ಷದಿಂದ ಹೊರಗೆ ಇಡಬಾರದು ಅಂತ ಬರೆದರು. 1909ರಲ್ಲಿ ಇನ್ನೂ ಬಿಡಿಸಿ ಹೇಳಿದರು: ಪಾದ್ರಿಯೊಬ್ಬ ಬಂದು ಪಕ್ಷದ ಕೆಲಸ ಪ್ರಾಮಾಣಿಕವಾಗಿ ಮಾಡುವುದಾದರೆ ಸೇರಿಸಿಕೊಳ್ಳಬಹುದು, ಪಕ್ಷದೊಳಗೆ ಬರೀ ಧರ್ಮಪ್ರಚಾರ ಮಾಡುವುದಾದರೆ ಬೇಡ. ಮುಷ್ಕರ ನಡೆಯುವಾಗ ನಾಸ್ತಿಕತೆಯ ಭಾಷಣ ಮಾಡಿ ಕಾರ್ಮಿಕರನ್ನು ಒಡೆಯುವವನು ಮಾಲೀಕನಿಗೇ ಸಹಾಯ ಮಾಡಿದ ಹಾಗೆ ಅಂತಲೂ ಅದರಲ್ಲಿದೆ. ಆಮೇಲೆ ಅದೇ ಪಕ್ಷ ಅಧಿಕಾರಕ್ಕೆ ಬಂದು ಏನು ಮಾಡಿತು ಅಂತ ಮೇಲೆ ಹೇಳಿದ್ದೇನೆ. ಬರೆದದ್ದು ಬೇರೆ, ಅಧಿಕಾರ ಸಿಕ್ಕಾಗ ನಡೆದದ್ದು ಬೇರೆ, ಎರಡನ್ನೂ ನೆನಪಿಡಬೇಕು.

ನಮ್ಮ ದೇಶದ್ದೇ ಉದಾಹರಣೆ ಬೇಕಾದರೆ ಮೌಲಾನಾ ಹಸ್ರತ್ ಮೊಹಾನಿ ಇದ್ದಾರೆ. ನೀವು ಧರಣಿಯಲ್ಲಿ ಕೂಗುವ 'ಇಂಕ್ವಿಲಾಬ್ ಜಿಂದಾಬಾದ್' ಘೋಷಣೆ ಅವರದ್ದು. 1925ರ ಡಿಸೆಂಬರಿನಲ್ಲಿ ಕಾನ್ಪುರದಲ್ಲಿ ಭಾರತದ ಕಮ್ಯುನಿಸ್ಟರ ಸಮ್ಮೇಳನ ನಡೆದಾಗ ಅದರ ಸ್ವಾಗತ ಸಮಿತಿಯ ಅಧ್ಯಕ್ಷರು ಅವರೇ. ಐದು ಹೊತ್ತಿನ ನಮಾಜು ಬಿಡದವರು, ಹಲವು ಸಲ ಹಜ್ ಯಾತ್ರೆ ಮಾಡಿದವರು, ಕೃಷ್ಣನ ಮೇಲೆ ಕವಿತೆ ಬರೆದವರು. ಅವರನ್ನು ಅರ್ಧ ಅನ್ನುವವರು ಯಾರಿದ್ದಾರೆ? ಭಗತ್ ಸಿಂಗ್ 1930ರಲ್ಲಿ ಲಾಹೋರ್ ಜೈಲಿನಲ್ಲಿ ತಾನು ಯಾಕೆ ನಾಸ್ತಿಕ ಅಂತ ಬರೆದಾಗ, ಕಾಕೋರಿ ರೈಲು ಲೂಟಿಯ ಮೊಕದ್ದಮೆಯಲ್ಲಿ ಗಲ್ಲಿಗೇರಿದ ತಮ್ಮ ಹಿರಿಯ ಸಂಗಾತಿಗಳು ಕೊನೆಯ ದಿನವನ್ನು ಪ್ರಾರ್ಥನೆಯಲ್ಲಿ ಕಳೆದರು ಅಂತ ದಾಖಲಿಸಿದ್ದಾರೆ. ರಾಜೇಂದ್ರ ಲಾಹಿರಿ ಸಮಾಜವಾದವನ್ನು ಚೆನ್ನಾಗಿ ಓದಿಕೊಂಡಿದ್ದರೂ ಗೀತೆ, ಉಪನಿಷತ್ತಿನ ಶ್ಲೋಕ ಹೇಳದೆ ಇರಲಾಗಲಿಲ್ಲ ಅಂತ ಹೆಸರು ಹಿಡಿದು ಬರೆದರು. ಭಗತ್ ಸಿಂಗ್ ತಮ್ಮ ನಿಲುವನ್ನು ಒಂದಿಷ್ಟೂ ಸಡಿಲ ಮಾಡಲಿಲ್ಲ, ಅವರನ್ನು ಕೀಳು ಮಾಡಲೂ ಇಲ್ಲ. ನಿಮ್ಮ ತರಗತಿಯಲ್ಲಿ ಇದನ್ನು ಎಲ್ಲರೂ ಸೇರಿ ಒಮ್ಮೆ ಓದಿ.

ನಮ್ಮ ರಾಜ್ಯದಲ್ಲೇ ಬಾಗೇಪಲ್ಲಿ ಇದೆ. ಅಲ್ಲಿಂದ 1994ರಲ್ಲೂ 2004ರಲ್ಲೂ ಸಿಪಿಎಂನ ಜಿ.ವಿ. ಶ್ರೀರಾಮರೆಡ್ಡಿ ಶಾಸಕರಾಗಿ ಗೆದ್ದರು. ಅದೇ ತಾಲೂಕಿನ ಗೂಳೂರಿನಲ್ಲಿ ನಿಡುಮಾಮಿಡಿ ಮಠ ಇದೆ. ಕುಕ್ಕೆಯ ಮಡೆಸ್ನಾನದ ವಿರುದ್ಧ ಎಡಪಕ್ಷದವರು ನಿಂತಾಗ ಅದೇ ಮಾತನ್ನು ಆ ಮಠದ ಸ್ವಾಮೀಜಿಯೂ ಕಾವಿ ತೊಟ್ಟುಕೊಂಡೇ ಹೇಳಿದರು. ಎಂಜಲೆಲೆಯ ಮೇಲೆ ಮನುಷ್ಯ ಉರುಳುವುದು ತಪ್ಪು ಅಂತ ಹೇಳಲು ದೇವರನ್ನು ಬಿಡಬೇಕಾಗಿ ಬರಲಿಲ್ಲ.

ಈಗ ನಿಮ್ಮ ಮುಂದಿರುವ ದಾರಿಗಳು. ಯೂನಿಯನ್ ಬಿಟ್ಟರೆ ಮನೆಯಲ್ಲಿ ಶಾಂತಿ ಸಿಗಬಹುದು, ಆದರೆ ಬ್ರಾಂಚಿನಲ್ಲಿ ನಿಮ್ಮ ಪರ ಮಾತಾಡುವವರು ಇರುವುದಿಲ್ಲ, ಪಿಎಫ್ ಕಾಗದಕ್ಕೂ ಒಬ್ಬರೇ ಅಲೆಯಬೇಕು. ಈ ದಾರಿ ಹಿಡಿಯಿರಿ ಅಂತ ನಾನು ಹೇಳಲಾರೆ. ಯೂನಿಯನ್ನಿನಲ್ಲಿ ಮಾತ್ರ ಇದ್ದು ಕಾರ್ಯದರ್ಶಿ ಆಗುವುದಾದರೆ ನಂಬಿಕೆಯ ಪ್ರಶ್ನೆಯೇ ಏಳುವುದಿಲ್ಲ, ಸದ್ಯಕ್ಕೆ ನನ್ನ ಸಲಹೆ ಇದೇ.

ಪಕ್ಷದ ಸದಸ್ಯತ್ವ ತಗೊಳ್ಳುವುದಾದರೆ ಕಣ್ಣು ತೆರೆದು ತಗೊಳ್ಳಿ. ನಂಬಿಕೆ ಇರುವವರು ಸೇರಬಾರದು ಅನ್ನುವ ನಿಯಮ ಇಲ್ಲಿನ ಕಮ್ಯುನಿಸ್ಟ್ ಪಕ್ಷಗಳಲ್ಲಿ ಇಲ್ಲ. ಮೇಲೆ ಹೋದ ಹಾಗೆ ನಿರೀಕ್ಷೆ ಬದಲಾಗುತ್ತದೆ. 2006ರಲ್ಲಿ ಕೇರಳದ ಇಬ್ಬರು ಸಿಪಿಎಂ ಶಾಸಕರು ದೇವರ ಹೆಸರಲ್ಲಿ ಪ್ರಮಾಣವಚನ ತೆಗೆದುಕೊಂಡಾಗ ಪಕ್ಷದೊಳಗೆ ಟೀಕೆ ಆಯಿತು. ಮುಂದಾಳುಗಳು ಧಾರ್ಮಿಕ ವಿಧಿಗಳನ್ನು ನಡೆಸಬಾರದು ಅನ್ನುವ ಪಕ್ಷದ ದಾಖಲೆ ತಮ್ಮ ನಂಬಿಕೆಗೆ ಒಗ್ಗುವುದಿಲ್ಲ ಅಂತ ಆಲಪ್ಪುಳದ ಮಾಜಿ ಸಂಸದ ಕೆ.ಎಸ್. ಮನೋಜ್ 2010ರಲ್ಲಿ ಪಕ್ಷವನ್ನೇ ಬಿಟ್ಟರು. ಅವರು ಮಾಡಿದ್ದು ಸರಿಯೋ ತಪ್ಪೋ ಅನ್ನುವುದಕ್ಕಿಂತ, ಇಂಥ ದಿನ ನಿಮಗೂ ಬರಬಹುದು ಅನ್ನುವುದು ಮುಖ್ಯ. ಪಕ್ಷಗಳೂ ಬದಲಾಗುತ್ತವೆ. ಕ್ಯೂಬಾದ ಕಮ್ಯುನಿಸ್ಟ್ ಪಕ್ಷ 1991ರ ತನಕ ಆಸ್ತಿಕರನ್ನು ಸೇರಿಸಿಕೊಳ್ಳುತ್ತಿರಲಿಲ್ಲ, ಆ ವರ್ಷ ಬಾಗಿಲು ತೆರೆಯಿತು. ಲ್ಯಾಟಿನ್ ಅಮೆರಿಕದ ಬಡವರ ಜೊತೆ ಪಾದ್ರಿಗಳು, ಕ್ರೈಸ್ತ ಸನ್ಯಾಸಿನಿಯರು ನಿಂತು ಜೀವ ಕೊಟ್ಟದ್ದನ್ನು ನೋಡಿಯೂ ಕಣ್ಣು ಮುಚ್ಚಿಕೊಂಡು ಇರಲು ಅವರಿಗೆ ಆಗಲಿಲ್ಲ. ಎಲ್ ಸಾಲ್ವಡಾರ್‌ನ ಆರ್ಚ್‌ಬಿಷಪ್ ಆಸ್ಕರ್ ರೊಮೆರೊ ಮಾರ್ಕ್ಸ್‌ವಾದಿ ಅಲ್ಲವೇ ಅಲ್ಲ. ಜನರನ್ನು ಕೊಲ್ಲಬೇಡಿ ಅಂತ ಸೈನಿಕರಿಗೆ ಹೇಳಿದ್ದಕ್ಕೆ ಮರುದಿನ, 1980ರ ಮಾರ್ಚ್ 24ರಂದು, ಪೂಜೆ ಮಾಡುತ್ತಿದ್ದಾಗಲೇ ಅವರನ್ನು ಗುಂಡಿಟ್ಟು ಕೊಂದರು.

ಬೇಡವೇ ಬೇಡ ಅಂತ ನಾನು ಹೇಳುವುದು ಮುಚ್ಚಿಡುವ ದಾರಿಯನ್ನು. ಸಭೆಗೆ ಹೋಗುವಾಗ ಹಣೆಯ ಕುಂಕುಮ ಅಳಿಸುವುದು, ಮಂದಿರಕ್ಕೆ ಹೋಗುವಾಗ ಯೂನಿಯನ್ ಬ್ಯಾಡ್ಜ್ ಬ್ಯಾಗಿಗೆ ತುರುಕುವುದು, ಹೀಗೆ ಬದುಕಿದವರು ಒಂದಲ್ಲ ಒಂದು ದಿನ ಎರಡೂ ಕಡೆ ಮಾತು ಕೇಳಬೇಕಾಗುತ್ತದೆ. ಯಾರಾದರೂ ಕೇಳಿದರೆ 'ಹೌದು, ನಂಬುತ್ತೇನೆ' ಅಂದುಬಿಡಿ. ತರಗತಿಯ ಹುಡುಗನಿಗೂ ಅಷ್ಟೇ ಹೇಳಿ, ಅವನು ನಂಬದೆ ಇರುವ ಹಕ್ಕನ್ನೂ ಅಷ್ಟೇ ಗೌರವದಿಂದ ಒಪ್ಪಿ. ಭಜನಾ ಮಂದಿರದಲ್ಲಿ ಯಾರಾದರೂ ಅವನನ್ನು ಹೀಯಾಳಿಸಿದರೆ ಸುಮ್ಮನಿರಬೇಡಿ.

ಒಂದು ಪ್ರಶ್ನೆಗೆ ಮಾತ್ರ ನೀವು ಮೊದಲೇ ಉತ್ತರ ಯೋಚಿಸಿಟ್ಟುಕೊಳ್ಳಬೇಕು. ನಾಳೆ ಮಂದಿರದವರು ಯಾವುದೋ ಜಾತಿಯವರನ್ನು ಪಂಕ್ತಿಯಿಂದ ಎಬ್ಬಿಸಿದರು, ಅಥವಾ ನಿಮ್ಮ ಪಕ್ಕ ಕೂತು ಬೀಡಿ ಕಟ್ಟುವ ಬ್ಯಾರಿ ಮುಸ್ಲಿಂ ಹೆಂಗಸಿನ ಅಂಗಡಿಗೆ ಹೋಗಬೇಡಿ ಅಂತ ಕರೆ ಕೊಟ್ಟರು ಅಂದುಕೊಳ್ಳಿ. ಆಗ ಎಲ್ಲಿ ನಿಲ್ಲುತ್ತೀರಿ? ದೇವರ ಬಗ್ಗೆ ಯೂನಿಯನ್ ನಿಮ್ಮನ್ನು ಏನೂ ಕೇಳದಿರಬಹುದು, ಇದನ್ನು ಕೇಳಿಯೇ ಕೇಳುತ್ತದೆ, ಕೇಳಲೂಬೇಕು. ಇಲ್ಲಿ ಎರಡೂ ಕಡೆ ಹೌದು ಅನ್ನಲು ಆಗುವುದಿಲ್ಲ.

ಅಮ್ಮನ ವಿಷಯ. ಅವರ ಜೊತೆ ಮಾರ್ಕ್ಸ್, ಲೆನಿನ್ ಚರ್ಚೆ ಮಾಡಬೇಡಿ. ಅವರ ಹೆದರಿಕೆ ಮಗಳು ಕೈತಪ್ಪಿ ಹೋಗುತ್ತಾಳೆ ಅನ್ನುವುದು. ಮುಂದಿನ ಸಲ ಅಗೆಲಿನ ಕೆಲಸಕ್ಕೆ ನೀವೇ ಮುಂದೆ ನಿಲ್ಲಿ, ಯೂನಿಯನ್ ಸಭೆಗೆ ಒಮ್ಮೆ ಅವರನ್ನೂ ಕರೆದುಕೊಂಡು ಹೋಗಿ. ವರ್ಷಗಟ್ಟಲೆ ಬೀಡಿ ಕಟ್ಟಿದವರು, ಹೇಳಲು ಅವರ ಹತ್ತಿರವೂ ಮಾತು ಇರುತ್ತದೆ. ಅಣ್ಣನ ಜೊತೆ ವಾದ ಬೇಕಾದಷ್ಟು ಆಗಲಿ, ಆದರೆ ಅಮ್ಮನ ಎದುರು ಬೇಡ.

ಕಾರ್ಯದರ್ಶಿ ಆದರೆ ಮೊದಲು ಸಭೆಯ ಜಾಗ ಮತ್ತು ಹೊತ್ತು ಸರಿಮಾಡಿ. ಮಂದಿರದ ಹಾಲ್ ಪುಕ್ಕಟೆ ಸಿಗುತ್ತದೆ ಅಂತ ಅಲ್ಲಿ ಇಡಬೇಡಿ, ಮುಸ್ಲಿಂ ಹೆಂಗಸರು ಬರುವುದಿಲ್ಲ. ಮದ್ರಸದ ಕೋಣೆಯಲ್ಲಿ ಇಟ್ಟರೆ ಬೇರೆಯವರು ಬರುವುದಿಲ್ಲ. ಶಾಲೆಯ ಜಗಲಿಯೋ, ಯಾರದಾದರೂ ಅಂಗಳವೋ ಆದೀತು. ಶುಕ್ರವಾರ ಮಧ್ಯಾಹ್ನ ಜುಮ್ಮಾ, ಸಂಜೆ ನಿಮಗೆ ಭಜನೆ, ಭಾನುವಾರ ಬೆಳಿಗ್ಗೆ ಕ್ರೈಸ್ತರಿಗೆ ಪೂಜೆ. ಅದನ್ನೆಲ್ಲ ಬಿಟ್ಟು, ಬ್ರಾಂಚಿಗೆ ಬೀಡಿ ಕೊಟ್ಟು ವಾಪಸ್ ಬರುವ ಹೊತ್ತಿಗೆ ಒಂದು ದಿನ ಗೊತ್ತುಮಾಡಿ, ಎಲ್ಲರನ್ನೂ ಕೇಳಿಯೇ ಗೊತ್ತುಮಾಡಿ.